ಆಶ್ಲಿ ವೆಸ್ಟ್‌ವುಡ್: ಕೆಳಹಂತದ ಡಿಫೆಂಡರ್ ಬೆಂಗಳೂರಿಗೆ ತಂದದ್ದೇನು?

ಅಶೋಕನಗರ ಗ್ಯಾಲರಿ

2024ರ ಮಾರ್ಚ್ 26, ಗುವಾಹಟಿ: ಭಾರತ 1, ಅಫ್ಗಾನಿಸ್ತಾನ 2. 2025ರ ಜೂನ್ 10, ಕೈ ಟಾಕ್: ಹಾಂಕಾಂಗ್ 1, ಭಾರತ 0. ಎರಡೂ ಸಲ ಎದುರಾಳಿ ತಂಡದ ಕೋಚ್ ಆಗಿ ಬೆಂಚಿನಲ್ಲಿದ್ದದ್ದು ಒಬ್ಬನೇ ಮನುಷ್ಯ, ಆಶ್ಲಿ ವೆಸ್ಟ್‌ವುಡ್. ನಮ್ಮ ಬಿಎಫ್‌ಸಿಯ (ಬೆಂಗಳೂರು ಎಫ್‌ಸಿ) ಮೊದಲ ಕೋಚ್. ಎರಡು ಸೋಲಿನ ನಂತರವೂ "ಅದೃಷ್ಟ", "ಕೊನೇ ಗಳಿಗೆಯ ಪೆನಾಲ್ಟಿ" ಎಂಬ ಮಾತೇ ಹೆಚ್ಚು ಕೇಳಿಸಿತು. ಈತ ಆಡಿದ್ದು ಬಹುಪಾಲು ಇಂಗ್ಲೆಂಡಿನ ಎರಡನೇ, ಮೂರನೇ, ನಾಲ್ಕನೇ ಹಂತದ ಲೀಗುಗಳಲ್ಲಿ. ಅಲ್ಲಿಂದ ಏನು ಕಲಿತು ತಂದ, ಯಾವುದು ಇಲ್ಲಿ ನಡೆಯಿತು, ಯಾವುದು ಆಮೇಲೆ ನಡೆಯಲಿಲ್ಲ ಅನ್ನುವುದನ್ನು ವಿವರವಾಗಿ ಇಲ್ಲಿ ಹಾಕೋಣ. ಅಭಿಮಾನದ ಘೋಷಣೆಗೆ ಬೇರೆ ಜಾಗ ಇದೆ.

ಹೊಸ ಲೈನ್ಸ್‌ಮನ್

ಇವರು ಆಸ್ಟನ್ ವಿಲ್ಲಾ, ಬರ್ನ್ಲಿಗೆ ಆಡಿದವರಲ್ಲವಾ? ಕೆಳಹಂತ ಅಂತೀರಲ್ಲ.

ಮೂರನೇ ಡಿವಿಷನ್

ಅಲ್ಲ. ಈ ತಪ್ಪು ಪತ್ರಿಕೆಗಳಲ್ಲೂ ಆಗುತ್ತೆ. ವಿಲ್ಲಾ, ಬರ್ನ್ಲಿಯ ವೆಸ್ಟ್‌ವುಡ್ ಮಿಡ್‌ಫೀಲ್ಡರ್, ಹುಟ್ಟಿದ್ದು 1990ರಲ್ಲಿ. ನಾವು ಮಾತಾಡುತ್ತಿರುವವರು ಸೆಂಟರ್ ಬ್ಯಾಕ್, 1976ರಲ್ಲಿ ಶ್ರಾಪ್‌ಶೈರ್‌ನ ಬ್ರಿಜ್‌ನಾರ್ತ್‌ನಲ್ಲಿ ಹುಟ್ಟಿದವರು. ಹೆಸರು ಒಂದೇ, ಮೇಲಾಗಿ ಇಬ್ಬರೂ ಕ್ರೂ ಅಲೆಕ್ಸಾಂಡ್ರಾ ಕ್ಲಬ್ಬಿಗೆ ಆಡಿದವರು. ಅದಕ್ಕೇ ಗೊಂದಲ. ಅಂಕಿಅಂಶ ಹುಡುಕುವಾಗ ಹುಟ್ಟಿದ ವರ್ಷ ನೋಡಿಕೊಂಡು ತೆಗೀರಿ.

ಇನ್ನೊಂದು ಎಡವಟ್ಟು ಡಿವಿಷನ್ ಹೆಸರುಗಳಲ್ಲಿದೆ. 1992ರಿಂದ 2004ರವರೆಗೆ "ಫಸ್ಟ್ ಡಿವಿಷನ್" ಅಂದರೆ ಎರಡನೇ ಹಂತ, "ಸೆಕೆಂಡ್ ಡಿವಿಷನ್" ಅಂದರೆ ಮೂರನೇ ಹಂತ. 2004ರ ನಂತರ ಅವೇ ಚಾಂಪಿಯನ್‌ಶಿಪ್, ಲೀಗ್ ಒನ್ ಆದವು. ಇದು ಗೊತ್ತಿಲ್ಲದೆ ಅವರ ದಾಖಲೆ ಓದಿದರೆ ಎಲ್ಲವೂ ಒಂದು ಹಂತ ಮೇಲೆ ಕಾಣುತ್ತೆ.

ದಾರಿ ಹೀಗಿದೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡ, 1995ರ ಎಫ್‌ಎ ಯೂತ್ ಕಪ್ ಗೆದ್ದ ಗುಂಪು. ಹಿರಿಯರ ತಂಡದಲ್ಲಿ ಜಾಗ ಸಿಗಲಿಲ್ಲ. ಅದೇ ವರ್ಷ ಕ್ರೂಗೆ ಹೋದರು. 1997ರಲ್ಲಿ ಕ್ರೂ ಪ್ಲೇ ಆಫ್ ಫೈನಲ್‌ನಲ್ಲಿ ಬ್ರೆಂಟ್‌ಫರ್ಡ್‌ನ 1–0 ಸೋಲಿಸಿ ಎರಡನೇ ಹಂತಕ್ಕೆ ಏರಿತು. 1998ರಲ್ಲಿ ಬ್ರ್ಯಾಡ್‌ಫರ್ಡ್ ಸಿಟಿ. ಅದು 1999ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿತಾದರೂ ಅಲ್ಲಿ ಇವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯ. ಆಮೇಲೆ ಶೆಫೀಲ್ಡ್ ವೆನ್ಸ್‌ಡೇ, ಇಳಿಯುತ್ತಿದ್ದ ಕ್ಲಬ್. ನಂತರ ನಾರ್ತಾಂಪ್ಟನ್, ಚೆಸ್ಟರ್, ಸ್ವಿಂಡನ್, ಆಮೇಲೆ ಆಗ ಲೀಗ್‌ನಿಂದಲೇ ಹೊರಗಿದ್ದ ರೆಕ್ಸಮ್, ಕೆಟರಿಂಗ್. ಏರುವ ಕ್ಲಬ್, ಇಳಿಯುವ ಕ್ಲಬ್, ದುಡ್ಡಿಲ್ಲದ ಕ್ಲಬ್ ಮೂರನ್ನೂ ಒಳಗಿನಿಂದ ನೋಡಿದ ಆಟಗಾರ.

ಕಾರ್ನರ್ ಫ್ಲ್ಯಾಗ್

ಅಲ್ಲಿ ಒಂದು ಲೆಕ್ಕ ಮುಖ್ಯ. ಇಂಗ್ಲೆಂಡಿನ 2, 3, 4ನೇ ಹಂತದಲ್ಲಿ ತಲಾ 24 ತಂಡ, ಅಂದರೆ ಲೀಗ್ ಪಂದ್ಯಗಳೇ 46. ಕಪ್ ಪಂದ್ಯ ಸೇರಿದರೆ 50 ದಾಟುತ್ತೆ. ಶನಿವಾರ, ಮಂಗಳವಾರ, ಮತ್ತೆ ಶನಿವಾರ. ಅಲ್ಲಿ ತರಬೇತಿಯಲ್ಲಿ ಹೊಸದನ್ನು ಕಲಿಸಲು ಸಮಯವೇ ಇರಲ್ಲ. ಇರುವ ಎರಡು ದಿನದಲ್ಲಿ ಏನು ಮಾಡಬೇಕು ಅನ್ನುವುದೇ ವಿದ್ಯೆ: ಸುಧಾರಿಸಿಕೊಳ್ಳುವುದು, ಕಾರ್ನರ್, ಫ್ರೀ ಕಿಕ್, ಥ್ರೋ ಇನ್, ಎದುರಾಳಿ ಬಗ್ಗೆ 15 ನಿಮಿಷದ ವಿಡಿಯೊ. ಅಷ್ಟೇ.

2013–14ರ ಐ–ಲೀಗ್‌ನಲ್ಲಿ (ಆಗ ಭಾರತದ ಮೇಲಿನ ಹಂತದ ಲೀಗ್) 13 ತಂಡ, 24 ಪಂದ್ಯ. 46ರ ಚಕ್ರದಲ್ಲಿ ಬೆಂದು ಬಂದವನಿಗೆ 24 ಅಂದರೆ ಸಿದ್ಧತೆಗೆ ಬೇಕಾದಷ್ಟು ಬಿಡುವು. ಆ ಬಿಡುವನ್ನು ಹೇಗೆ ಬಳಸಿದರು ಅನ್ನುವುದರಲ್ಲೇ ಬಿಎಫ್‌ಸಿಯ ಮೊದಲ ವರ್ಷದ ಗುಟ್ಟಿದೆ.

ಲೆಕ್ಕದ ಮೇಷ್ಟ್ರು

ಗುಟ್ಟು ಗಿಟ್ಟು ಏನಿಲ್ಲ ಗುರೂ. ಕ್ಲಬ್ಬಿನ ಮಾಲೀಕರಾದ ಜೆಎಸ್‌ಡಬ್ಲ್ಯು ದುಡ್ಡು, ಸುನಿಲ್ ಛೆಟ್ರಿಯ 14 ಗೋಲು. ಇವೆರಡು ಇದ್ದರೆ ಯಾರು ಕೋಚ್ ಆಗಿದ್ದರೂ ಮೇಲಿನ ಮೂರರಲ್ಲಿ ಇರುತ್ತಿದ್ದರು.

ಅಶೋಕನಗರ ಗ್ಯಾಲರಿ

ಮೇಷ್ಟ್ರೇ, ದುಡ್ಡಿನ ಮಾತು ಅರ್ಧ ಸರಿ. ಆದರೆ ಆಗ ಕೋಲ್ಕತ್ತ, ಗೋವಾದ ದೊಡ್ಡ ಕ್ಲಬ್ಬುಗಳೇನೂ ಬಡವರಾಗಿರಲಿಲ್ಲ. ಆ ವರ್ಷದ ವಿದೇಶಿ ಕೋಟಾ ನೋಡಿ: ಮೂವರು ವಿದೇಶಿಯರು, ಜೊತೆಗೆ ಒಬ್ಬ ಏಷ್ಯಾದವನು. ಉಳಿದ ಕ್ಲಬ್ಬುಗಳು ಸಾಮಾನ್ಯವಾಗಿ ಆ ಜಾಗಗಳನ್ನು ಸ್ಟ್ರೈಕರ್‌ಗಳಿಗೆ ಸುರಿಯುತ್ತಿದ್ದವು. ವೆಸ್ಟ್‌ವುಡ್ ನಾಲ್ಕರಲ್ಲಿ ಎರಡನ್ನು ಡಿಫೆನ್ಸ್‌ಗೆ ಕೊಟ್ಟರು. ಒಬ್ಬ ಜಾನ್ ಜಾನ್ಸನ್, ನಾರ್ತಾಂಪ್ಟನ್‌ನಲ್ಲಿ ಆಡಿದವನು. ಇನ್ನೊಬ್ಬ ಕೀನ್ಯಾದ ಕರ್ಟಿಸ್ ಒಸಾನೊ, ಲೂಟನ್, ಎಎಫ್‌ಸಿ ವಿಂಬಲ್ಡನ್‌ನಲ್ಲಿ ಆಡಿದವನು. ಇಬ್ಬರೂ ಇಂಗ್ಲಿಷ್ ಕೆಳಹಂತದವರೇ. ಏಷ್ಯಾ ಕೋಟಾದಲ್ಲಿ ಆಸ್ಟ್ರೇಲಿಯಾದ (ಫುಟ್‌ಬಾಲಿನಲ್ಲಿ ಅದು ಏಷ್ಯಾಕ್ಕೇ ಸೇರುತ್ತೆ) ಶಾನ್ ರೂನಿ, ನಾಲ್ಕನೆಯವನು ಲೈಬೀರಿಯಾದ ಜಾನಿ ಮೆನ್ಯೊಂಗರ್. ಗೋಲಿನ ಹೊರೆಯನ್ನು ಛೆಟ್ರಿ, ರಾಬಿನ್ ಸಿಂಗ್ ಎಂಬ ಭಾರತೀಯರ ಹೆಗಲಿಗೇ ಬಿಟ್ಟರು. ಛೆಟ್ರಿಯ 14 ಗೋಲಿಗೆ ಈ ಆಯ್ಕೆಯೂ ಒಂದು ಕಾರಣ. ಬೇರೆ ಕ್ಲಬ್ಬಿನಲ್ಲಿ ಆತ ವಿದೇಶಿ ಸ್ಟ್ರೈಕರ್‌ಗೆ ಜಾಗ ಬಿಟ್ಟು ಬದಿಗೆ ಸರಿಯಬೇಕಾಗುತ್ತಿತ್ತು.

2013ರ ಸೆಪ್ಟೆಂಬರ್ 22, ಮೊದಲ ಪಂದ್ಯ, ಮೋಹನ್ ಬಾಗನ್ ವಿರುದ್ಧ 1–1. 2014ರ ಏಪ್ರಿಲ್ 21, ಗೋವಾದ ಫಟೋರ್ಡಾದಲ್ಲಿ ಡೆಂಪೊ ವಿರುದ್ಧ 4–2, ಪ್ರಶಸ್ತಿ ಖಚಿತ. ಕೊನೆಗೆ 24 ಪಂದ್ಯಕ್ಕೆ 47 ಅಂಕ. ಹುಟ್ಟಿ ವರ್ಷ ತುಂಬದ ಕ್ಲಬ್.

ಟರ್ಫ್ ತಜ್ಞ

ಮೊದಲ ವರ್ಷದ ಮೈದಾನದ ಬಗ್ಗೆ ಯಾರೂ ಬರೆಯಲ್ಲ. ಆಗ ತವರು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ, ಕೃತಕ ಟರ್ಫ್. ಕಂಠೀರವಕ್ಕೆ ಹೋದದ್ದು ಎರಡನೇ ವರ್ಷ.

ಕೃತಕ ಟರ್ಫ್‌ಗೆ ಫಿಫಾ ಒಂದು ಪರೀಕ್ಷೆ ಇಟ್ಟಿದೆ. ಚೆಂಡನ್ನು 2 ಮೀಟರ್ ಎತ್ತರದಿಂದ ಬಿಟ್ಟರೆ ಅದು 60 ಸೆಂಟಿಮೀಟರ್‌ನಿಂದ 1 ಮೀಟರ್‌ವರೆಗೆ ಪುಟಿಯಬಹುದು. ಮೇಲಿನ ದರ್ಜೆಯ ಪ್ರಮಾಣಪತ್ರಕ್ಕೆ ಮಿತಿ 85 ಸೆಂಟಿಮೀಟರ್. ನಾರು ಸವೆದು ಮಲಗಿದಂತೆ, ಕೆಳಗಿನ ರಬ್ಬರ್ ಹರಳು ಗಟ್ಟಿಯಾದಂತೆ ಪುಟಿತ ಮೇಲಿನ ಮಿತಿಯತ್ತ ಹೋಗುತ್ತೆ. ಆಗ ಉದ್ದ ಚೆಂಡು ಹಾಕಿದರೆ ಮೊದಲ ಪುಟಿತ ಡಿಫೆಂಡರ್‌ನ ತಲೆ ಮೇಲೆ ಹಾರುತ್ತೆ. ರೂಢಿ ಇಲ್ಲದ ತಂಡದ ಸೆಂಟರ್ ಬ್ಯಾಕ್ ಎರಡು ಹೆಜ್ಜೆ ಮುಂದೆ ನಿಂತಿದ್ದರೆ ಕಥೆ ಮುಗೀತು. ತವರು ತಂಡ ವಾರವಿಡೀ ಅದೇ ನೆಲದ ಮೇಲಿದ್ದರೆ ಎಷ್ಟು ಹಿಂದೆ ನಿಲ್ಲಬೇಕು ಅಂತ ಕಾಲಿಗೇ ಗೊತ್ತಾಗಿರುತ್ತೆ.

ನೀರು ಹಾಕಿದ ಟರ್ಫ್ ಮೇಲೆ ನೆಲದ ಪಾಸ್ ಜಾರಿ ಓಡುತ್ತೆ, ಒಣಗಿದ್ದರೆ ಹಿಡಿದುಕೊಳ್ಳುತ್ತೆ. ಹುಲ್ಲಿಗೆ ಮಾಡಿದ ಉದ್ದ ಸ್ಟಡ್ ಹಾಕಿ ಬಂದವರ ಪಾದ ನಾರಿನಲ್ಲಿ ಸಿಕ್ಕಿಕೊಂಡು ಮೊಣಕಾಲು ತಿರುಚುತ್ತೆ. ಗಿಡ್ಡವಾದ, ಹೆಚ್ಚು ಸಂಖ್ಯೆಯ ಗುಂಡು ಸ್ಟಡ್ ಇರುವ ಶೂ ಬೇಕು. ಇದನ್ನು ಪ್ರವಾಸಿ ತಂಡದ ಕಿಟ್ ನೋಡಿಕೊಳ್ಳುವವನಿಗೆ ಹೇಳದೆ ಮರೆತದ್ದರಿಂದ ಹಾಳಾದ ಪಂದ್ಯಗಳು ಎಷ್ಟೋ.

ಕರಾವಳಿ ವಿಂಗರ್

ಶಿಸ್ತಿನ ಬಗ್ಗೆಯೂ ಬರೀರಿ ಮಾರಾಯ್ರೇ. ತರಬೇತಿ ಆದ ಮೇಲೆ ಎಲ್ಲರೂ ಒಟ್ಟಿಗೆ ಊಟ, ಎಣ್ಣೆಯಲ್ಲಿ ಕರಿದದ್ದಕ್ಕೆ ಕತ್ತರಿ, ವಿಡಿಯೊ ನೋಡಿ ಚರ್ಚೆ ಅಂತ ಆಗ ಪತ್ರಿಕೆಯಲ್ಲೆಲ್ಲ ಬಂದಿತ್ತು. ಅದರಿಂದ ಅಷ್ಟೊಂದು ವ್ಯತ್ಯಾಸ ಆಗ್ತದಾ?

ಫಿಸಿಯೊ ಬೆಂಚ್

ಆಗುತ್ತೆ, ಕೊನೆಯ 20 ನಿಮಿಷದಲ್ಲಿ. ಪಂದ್ಯದ ಹಿಂದಿನ ದಿನ ಮತ್ತು ಪಂದ್ಯದ ದಿನ ಆಟಗಾರನಿಗೆ ಪ್ರತಿ ಕೆಜಿ ದೇಹತೂಕಕ್ಕೆ 6ರಿಂದ 8 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. 70 ಕೆಜಿ ಇದ್ದರೆ ದಿನಕ್ಕೆ 420ರಿಂದ 560 ಗ್ರಾಂ. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಸಿಗಬಹುದು. ಈಗ ಎಣಿಸಿ. ತಟ್ಟೆಯಲ್ಲಿ ಪೂರಿ, ಕರಿದ ಕೋಳಿ ತುಂಬಿದ್ದರೆ ಹೊಟ್ಟೆ ತುಂಬುತ್ತೆ, ಸ್ನಾಯುವಿಗೆ ಬೇಕಾದ ಇಂಧನ ತುಂಬಲ್ಲ. ಪಂದ್ಯಕ್ಕೆ 3–4 ಗಂಟೆ ಮುಂಚೆ ಊಟ ಮುಗಿಸಬೇಕು. ಎಣ್ಣೆ ಜಾಸ್ತಿ ಇದ್ದರೆ ಅಷ್ಟು ಹೊತ್ತಿನಲ್ಲಿ ಜೀರ್ಣ ಆಗಲ್ಲ. ಅನ್ನ, ಸಾರು, ಮೊಸರನ್ನ, ಇಡ್ಲಿ ಕೆಟ್ಟದ್ದೇನಲ್ಲ. ವಿದೇಶಿ ಕೋಚ್ ಬಂದ ಕೂಡಲೇ ಪಾಸ್ತಾ ತಿನ್ನಬೇಕು ಅನ್ನುವುದು ಮೂಢನಂಬಿಕೆ.

ನೀರಿನ ಲೆಕ್ಕ ಇನ್ನೂ ಸುಲಭ. ತರಬೇತಿಗೆ ಮುಂಚೆ, ನಂತರ ಬೆವರು ಒರೆಸಿ ತೂಕ ನೋಡಿ. 1 ಕೆಜಿ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ 1.5 ಲೀಟರ್ ಒಳಗೆ ಹೋಗಬೇಕು, ಉಪ್ಪಿನಂಶದ ಜೊತೆ. ಬರೀ ನೀರನ್ನೇ ಗಟಗಟ ಕುಡಿದರೆ ಅರ್ಧ ಮೂತ್ರವಾಗಿ ಹೋಗುತ್ತೆ. ಬೆಂಗಳೂರಿನ ಹವೆಯಲ್ಲಿ ಅಭ್ಯಾಸ ಮಾಡಿ ಏಪ್ರಿಲ್‌ನಲ್ಲಿ ಗೋವಾಕ್ಕೆ ಹೋಗುವ ತಂಡ ಇದನ್ನು ಕಡೆಗಣಿಸಿದರೆ 65ನೇ ನಿಮಿಷಕ್ಕೆ ಮೀನಖಂಡ ಹಿಡಿದುಕೊಂಡು ಕೂತವರೇ ಕಾಣ್ತಾರೆ.

ಕಾರ್ನರ್ ಫ್ಲ್ಯಾಗ್

ಇದಕ್ಕೆ ವಾರದ ಯೋಜನೆ ಸೇರಿಸುತ್ತೇನೆ. ಭಾನುವಾರ ಪಂದ್ಯ ಅಂತಿಟ್ಟುಕೊಳ್ಳಿ. ಸೋಮವಾರ 60 ನಿಮಿಷಕ್ಕಿಂತ ಹೆಚ್ಚು ಆಡಿದವರಿಗೆ ಸೈಕಲ್, ಮಸಾಜ್, ಅಷ್ಟೇ. ಆಡದವರಿಗೆ ಅದೇ ದಿನ 4 ಜನಕ್ಕೆ 4 ಜನರ ಆಟ, ಜೋರಾಗಿ. ಮಂಗಳವಾರ ರಜೆ. ಬುಧವಾರ ಸಣ್ಣ ಜಾಗದಲ್ಲಿ 4 ನಿಮಿಷದ ನಾಲ್ಕು ಸುತ್ತು, ನಡುವೆ 2–3 ನಿಮಿಷ ಬಿಡುವು. ಗುರುವಾರ ದೊಡ್ಡ ಮೈದಾನ, 10ಕ್ಕೆ 10, ಹತ್ತು ನಿಮಿಷದ ಮೂರು ಸುತ್ತು. ಶುಕ್ರವಾರ ಹೊರೆ ಇಳಿಸಿ, ತಂಡದ ಆಕಾರ. ಶನಿವಾರ ಚುಟುಕು ಓಟ, 20 ನಿಮಿಷ ಕಾರ್ನರ್, ಫ್ರೀ ಕಿಕ್.

ಎಲ್ಲಿ ಕೆಡುತ್ತೆ ಗೊತ್ತಾ? ಸೋಮವಾರ. ಬೆಂಚಿನವರನ್ನೂ ಆಡಿದವರ ಜೊತೆ ವಿಶ್ರಾಂತಿಗೆ ಕಳಿಸಿಬಿಡ್ತಾರೆ. ಆರು ವಾರ ಕಳೆದ ಮೇಲೆ ಒಬ್ಬ ಗಾಯಾಳುವಾದರೆ ಒಳಗೆ ಬರುವವನಿಗೆ 90 ನಿಮಿಷದ ಉಸಿರಿರಲ್ಲ. 46 ಪಂದ್ಯದ ಲೀಗ್‌ನಲ್ಲಿ ಈ ತಪ್ಪು ಎರಡೇ ತಿಂಗಳಲ್ಲಿ ಬಯಲಾಗುತ್ತೆ. ಅಲ್ಲಿಂದ ಬಂದ ಕೋಚ್‌ಗಳು ಬೆಂಚಿನವರನ್ನು ಗೋಳು ಹುಯ್ದುಕೊಳ್ಳುವುದು ಇದಕ್ಕೇ.

ಲೆಕ್ಕದ ಮೇಷ್ಟ್ರು

ಅಷ್ಟೆಲ್ಲ ಕಾರ್ನರ್ ಅಭ್ಯಾಸ ಮಾಡಿಸಿದವರು 2015ರ ಮೇ 31ರಂದು ಏನು ಮಾಡಿದರು ಸ್ವಾಮಿ? ಕಂಠೀರವದಲ್ಲಿ ಗೆದ್ದಿದ್ದರೆ ಐ–ಲೀಗ್ ಪ್ರಶಸ್ತಿ. ಜಾನ್ಸನ್ ಗೋಲು ಹೊಡೆದು ಮುಂದಿದ್ದೆವು. 87ನೇ ನಿಮಿಷಕ್ಕೆ ಮೋಹನ್ ಬಾಗನ್‌ಗೆ ಕಾರ್ನರ್, ಬೆಲ್ಲೊ ರಜಾಕ್ ತಲೆಯಿಂದ 1–1. ಡ್ರಾ ಸಾಕಿದ್ದ ಅವರು ಕಪ್ ಒಯ್ದರು.

ಕಾರ್ನರ್ ಫ್ಲ್ಯಾಗ್

ಒಪ್ಪಿದೆ, ಅದು ನುಂಗಲಾರದ ತುತ್ತು. ಆದರೆ ಕಾರ್ನರ್ ಅನ್ನುವುದು ಲೆಕ್ಕವೇ ಹೊರತು ಭರವಸೆಯಲ್ಲ. ಜಾಗ ಹಿಡಿದು ಕಾಯುವ ವಿಧಾನದಲ್ಲಿ ಸಾಮಾನ್ಯ ಹಂಚಿಕೆ: ಗೋಲಿನ ಮುಂದಿನ ಆರು ಗಜದ ಗೆರೆ ಮೇಲೆ 5 ಜನ, ಓಡಿ ಬರುವವರಿಗೆ ಅಡ್ಡ ನಿಲ್ಲಲು 3, ಹತ್ತಿರದ ಕಂಬದ ಕಡೆ 1, ಪೆನಾಲ್ಟಿ ಪೆಟ್ಟಿಗೆಯ ಅಂಚಿನಲ್ಲಿ ಚಿಮ್ಮಿದ ಚೆಂಡಿಗೆ 1. ಗೋಲ್‌ಕೀಪರ್ ಬಿಟ್ಟು ಹತ್ತು ಜನವೂ ಒಳಗೇ ಆಯಿತು.

ಇದು ಒಡೆಯುವುದು ಮೂರು ಕಡೆ. ಮೊದಲನೆಯದು, ಬದಲಿ ಆಟಗಾರ ಬಂದಾಗ ಹೋದವನ ಜಾಗ ಯಾರದು ಅಂತ ಹೇಳದಿರುವುದು. ಅದಕ್ಕೇ ನಾಲ್ಕನೇ ಅಧಿಕಾರಿ ಬೋರ್ಡ್ ಎತ್ತುವ ಮುಂಚೆ ಸಹಾಯಕ ಕೋಚ್ ಹಾಳೆ ಹಿಡಿದು ಬದಲಿ ಆಟಗಾರನಿಗೆ ಎರಡು ಸಲ ತೋರಿಸಬೇಕು. ಎರಡನೆಯದು, ಅಡ್ಡ ನಿಲ್ಲುವ ಮೂವರು ದಣಿದಿರುವುದು. ಓಡಿ ಬಂದು ನೆಗೆಯುವವನ ಎದುರು ನಿಂತಲ್ಲೇ ನೆಗೆಯುವವನು ಯಾವತ್ತೂ ಗಿಡ್ಡ, ಆ ಓಟವನ್ನು ಮುರಿಯುವುದೇ ಮೂವರ ಕೆಲಸ. 85ನೇ ನಿಮಿಷದಲ್ಲಿ ಅವರು ಅರ್ಧ ಹೆಜ್ಜೆ ತಡ ಮಾಡಿದರೆ ಉಳಿದ ಐವರು ಬರೀ ಪ್ರೇಕ್ಷಕರು. ಮೂರನೆಯದು, ಕಾರ್ನರ್ ಕೊಡುವುದೇ. ಒಂದು ಗೋಲಿನ ಮುನ್ನಡೆ ಕಾಯುವಾಗ ಬದಿಯಿಂದ ಬರುವ ಕ್ರಾಸನ್ನು ಕಾರ್ನರ್‌ಗೆ ತಳ್ಳುವ ಬದಲು ಥ್ರೋ ಇನ್‌ಗೆ ತಳ್ಳಬೇಕು. ಇದನ್ನು ಅಭ್ಯಾಸದಲ್ಲಿ ಯಾರೂ ಮಾಡಿಸಲ್ಲ.

ಮೂರನೇ ಡಿವಿಷನ್

ಆ ಪ್ರಶಸ್ತಿ ಕೈತಪ್ಪಿದ ನಂತರ ತಂಡ ಒಡೆಯಲಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡೀರಿ. 2015ರ ಜನವರಿಯಲ್ಲೇ ಡೆಂಪೊ ವಿರುದ್ಧ 2–1ರಿಂದ ಫೆಡರೇಷನ್ ಕಪ್ ಬಂದಿತ್ತು. 2016ರ ಏಪ್ರಿಲ್ 17ರಂದು ಕಂಠೀರವದಲ್ಲಿ ಸಾಲ್ಗಾಂವಕರ್ ವಿರುದ್ಧ 2–0, ಎರಡನೇ ಲೀಗ್ ಪ್ರಶಸ್ತಿ. ಮೂರು ವರ್ಷಕ್ಕೆ ಎರಡು ಲೀಗ್, ಒಂದು ಕಪ್, ಒಂದು ಎರಡನೇ ಸ್ಥಾನ. 2016ರ ಮೇನಲ್ಲಿ ಹಾಂಕಾಂಗ್‌ನ ಕಿಚಿ ಕ್ಲಬ್ಬನ್ನು 3–2 ಸೋಲಿಸಿ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್ಬುಗಳ ಟೂರ್ನಿ) ಎಂಟರ ಘಟ್ಟ ತಲುಪಿಸಿ ಹೋದರು. ಮುಂದೆ ಆಲ್ಬರ್ಟ್ ರೋಕಾ ಬಂದು ಅದೇ ತಂಡವನ್ನು ಫೈನಲ್‌ವರೆಗೆ ಒಯ್ದರು. ರೋಕಾ ಬಾರ್ಸಿಲೋನಾ ಶಾಲೆಯವರು, ಆಟ ಕಣ್ಣಿಗೆ ಚೆಂದ, ಹೆಸರೂ ಅವರಿಗೇ ಹೆಚ್ಚು ಬಂತು. ಅಡಿಪಾಯ ಹಾಕಿದವರ ಹೆಸರು ಗೋಡೆ ಮೇಲೆ ಬರೆಯುವುದು ಕಡಿಮೆ, ಇರಲಿ.

ಹೊಸ ಲೈನ್ಸ್‌ಮನ್

ಹಾಗಿದ್ದರೆ ಆಮೇಲೆ ಯಾಕೆ ಎಲ್ಲೂ ನಿಲ್ಲಲಿಲ್ಲ? 2017ರಲ್ಲಿ ಮಲೇಷ್ಯಾದ ಪೆನಾಂಗ್‌ಗೆ ಹೋಗಿ ಬೇಗ ಹೊರಬಂದರು. 2018ರ ಆರಂಭದಲ್ಲಿ ಕೋಲ್ಕತ್ತದ ಎಟಿಕೆಯಲ್ಲಿ ಟೆಡ್ಡಿ ಶೆರಿಂಗ್‌ಹ್ಯಾಮ್ ಹೋದ ಮೇಲೆ ಹಂಗಾಮಿ ಕೋಚ್, ಮಾರ್ಚ್‌ಗೆ ರಾಬಿ ಕೀನ್ ಕೈಗೆ ಹೋಯಿತು. 2021–22ರಲ್ಲಿ ರೌಂಡ್‌ಗ್ಲಾಸ್ ಪಂಜಾಬ್. ಪ್ರಶಸ್ತಿ ಇಲ್ಲ.

ಮೂರನೇ ಡಿವಿಷನ್

ನನ್ನ ಓದು ಹೀಗೆ. 2013ರಲ್ಲಿ ಬೆಂಗಳೂರಲ್ಲಿ ಅವರಿಗೆ ಸಿಕ್ಕಿದ್ದು ಖಾಲಿ ಹಾಳೆ: ಹಳೇ ಗುಂಪಿಲ್ಲ, ಹಳೇ ಅಭ್ಯಾಸವಿಲ್ಲ, ಮೊದಲ ದಿನದಿಂದ ತಾನೇ ಬರೆದ ನಿಯಮ. ಉಳಿದ ಕಡೆ ಸಿಕ್ಕಿದ್ದು ಬೇರೆಯವರು ಗೀಚಿದ ಹಾಳೆ. ಎಟಿಕೆಗೆ ಕೋಚ್ ಆದದ್ದು ಜನವರಿ ಕೊನೆಯಲ್ಲಿ. ದೇಹದಾರ್ಢ್ಯದ ಮೇಲೆ ನಿಂತ ವಿಧಾನಕ್ಕೆ ಲೀಗ್ ಶುರುವಾಗುವ ಮುಂಚಿನ ಆರು ವಾರವೇ ಬಂಡವಾಳ, ಅದಿಲ್ಲದೆ ಏನೂ ಕಟ್ಟಲಾಗಲ್ಲ.

ಇನ್ನೊಂದು, ಮುನ್ನಡೆ ಕರಗಿತು. 2013ರಲ್ಲಿ ಊಟದ ಪಟ್ಟಿ, ಹೃದಯ ಬಡಿತದ ಬೆಲ್ಟು, ವಿಡಿಯೊ ವಿಶ್ಲೇಷಕ ಅಂದರೆ ನಮ್ಮ ಲೀಗ್‌ನಲ್ಲಿ ಹೊಸತು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬಂದು ನಾಲ್ಕೈದು ವರ್ಷದಲ್ಲಿ ಎಲ್ಲ ಕ್ಲಬ್ಬಿಗೂ ಅದು ಬಂತು. ಎಲ್ಲರಿಗೂ ಇದ್ದಾಗ ಅದು ಲಾಭವಲ್ಲ, ಬಾಡಿಗೆ.

ಟರ್ಫ್ ತಜ್ಞ

"ಬಾಡಿಗೆ" ಚೆನ್ನಾಗಿದೆ.

ಕಾರ್ನರ್ ಫ್ಲ್ಯಾಗ್

ದೇಶದ ತಂಡದ ಕೆಲಸಕ್ಕೆ ಈ ವಿಧಾನ ಯಾಕೆ ಒಗ್ಗಿತು ಅನ್ನುವುದೂ ಇದರಲ್ಲೇ ಇದೆ. ಫಿಫಾ ಕಿಟಕಿ, ಅಂದರೆ ಕ್ಲಬ್ಬುಗಳು ಆಟಗಾರರನ್ನು ದೇಶದ ತಂಡಕ್ಕೆ ಬಿಟ್ಟುಕೊಡುವ ಅವಧಿ, ಸಾಮಾನ್ಯವಾಗಿ ಸೋಮವಾರದಿಂದ ಮರುವಾರದ ಮಂಗಳವಾರದವರೆಗೆ, ಎರಡು ಪಂದ್ಯ. ಪ್ರಯಾಣ, ಸುಧಾರಿಸುವಿಕೆ ಕಳೆದರೆ ಮೊದಲ ಪಂದ್ಯದ ಮುಂಚೆ ಪೂರ್ತಿ ಅಭ್ಯಾಸ ಸಿಗುವುದು ಎರಡೋ ಮೂರೋ ದಿನ. ಮೇಲೆ ಹೇಳಿದ ಶನಿವಾರ–ಮಂಗಳವಾರದ ಚಕ್ರವೇ ಇದು. ಮೂರು ದಿನದಲ್ಲಿ ಚೆಂಡಿಟ್ಟುಕೊಂಡು ಆಡುವ ಜಟಿಲ ಆಟ ಕಲಿಸಲಾಗಲ್ಲ. ನಾಲ್ಕು–ನಾಲ್ಕರ ಎರಡು ಸಾಲು, ಸಾಲುಗಳ ನಡುವೆ 10–12 ಮೀಟರ್, ಸೆಟ್ ಪೀಸ್, ಕೊನೆಯ ಅರ್ಧ ಗಂಟೆಗೆ ವೇಗದ ಬದಲಿಗಳು: ಇಷ್ಟು ಕಲಿಸಬಹುದು.

ಅಫ್ಗಾನಿಸ್ತಾನದ್ದು ಇನ್ನೂ ಕಷ್ಟದ ಸ್ಥಿತಿ. ಫೆಡರೇಷನ್ ವಿರುದ್ಧ ಹಲವು ಹಿರಿಯ ಆಟಗಾರರು ಬಹಿಷ್ಕಾರ ಹಾಕಿದ್ದರು. ಉಳಿದವರನ್ನು ಕಟ್ಟಿಕೊಂಡು ಸೌದಿಯ ಅಭಾದಲ್ಲಿ ಭಾರತದ ಜೊತೆ 0–0, ಐದೇ ದಿನಕ್ಕೆ ಗುವಾಹಟಿಯಲ್ಲಿ ಗೆಲುವು. ಛೆಟ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ ಅದು. 38ನೇ ನಿಮಿಷಕ್ಕೆ ಅವರ ಪೆನಾಲ್ಟಿ ಗೋಲು. ಅಫ್ಗನ್ನರು 70ನೇ ನಿಮಿಷಕ್ಕೆ ಒಂದು, 88ಕ್ಕೆ ಪೆನಾಲ್ಟಿಯಿಂದ ಇನ್ನೊಂದು. ಜೂನ್‌ನಲ್ಲಿ ಏಷ್ಯನ್ ಚಾಂಪಿಯನ್ ಕತಾರ್ ಜೊತೆ 0–0. ಬಿಎಫ್‌ಸಿಯಲ್ಲಿ ತಾನೇ ನಾಯಕನಾಗಿ ಇಟ್ಟುಕೊಂಡವನ ಮೈಲಿಗಲ್ಲಿನ ಪಂದ್ಯವನ್ನು ತಾನೇ ಕೆಡಿಸಿದ್ದು ವಿಚಿತ್ರ.

ಲೆಕ್ಕದ ಮೇಷ್ಟ್ರು

ಕೈ ಟಾಕ್ ಬಿಟ್ಟಿರಿ. 42,570 ಜನ, 90 ನಿಮಿಷ ದಾಟಿ ನಾಲ್ಕನೇ ನಿಮಿಷಕ್ಕೆ ಸ್ಟೆಫಾನ್ ಪೆರೇರಾ ಪೆನಾಲ್ಟಿ. ಉದ್ದ ಚೆಂಡು, ಬದಲಿಯಾಗಿ ಬಂದ ಉಡೆಬುಲುಜರ್ ಓಟ, ನಮ್ಮ ಗೋಲ್‌ಕೀಪರ್ ಅನಗತ್ಯವಾಗಿ ಮುಂದೆ ಬಂದದ್ದು. ಅದು ಅದೃಷ್ಟವಲ್ಲ ಅಂತ ಒಪ್ಪುತ್ತೇನೆ, ಅವರಿಗೆ ಬೇಕಾದ ಪಂದ್ಯವನ್ನೇ ನಾವು ಆಡಿಕೊಟ್ಟೆವು. ಆದರೆ ಮಿತಿಯೂ ಕಂಡಿತಲ್ಲ: ಅಕ್ಟೋಬರ್‌ನಲ್ಲಿ ಢಾಕಾದಲ್ಲಿ 4–3 ಗೆದ್ದ ಹಾಂಕಾಂಗ್‌ನವರು ತವರಲ್ಲಿ ಬಾಂಗ್ಲಾ ಜೊತೆ 1–1, ನವೆಂಬರ್ 18ಕ್ಕೆ ಸಿಂಗಪುರ ಬಂದು 2–1 ಹೊಡೆದು ಏಷ್ಯನ್ ಕಪ್ ಟಿಕೆಟ್ ಕಿತ್ತುಕೊಂಡಿತು. ಎದುರಾಳಿ ತಪ್ಪಿಗೆ ಕಾಯುವ ತಂಡ ತಾನೇ ಗೆಲ್ಲಲೇಬೇಕಾದ ದಿನ ತಡವರಿಸುತ್ತೆ. 2015ರ ಮೇ 31ಕ್ಕೂ ಇದಕ್ಕೂ ನನಗೆ ಹೋಲಿಕೆ ಕಾಣುತ್ತೆ.

ಅಶೋಕನಗರ ಗ್ಯಾಲರಿ

ಮೇಷ್ಟ್ರೇ, ಅದು ಹೋಲಿಕೆಯಲ್ಲ. ಮೇ 31ರಂದು ಗೆಲ್ಲಬೇಕಿತ್ತು, 41ನೇ ನಿಮಿಷಕ್ಕೇ ಮುಂದೆ ಹೋಗಿದ್ದರು. ತಡವರಿಸಿದ್ದು ಗೋಲು ಹುಡುಕುವುದರಲ್ಲಲ್ಲ, ಕಾಯುವುದರಲ್ಲಿ. ಅದೇ ಅವರ ಗಟ್ಟಿ ಭಾಗವಾಗಿತ್ತು ಅನ್ನುವುದೇ ನೋವು.

ಹೊಸ ಲೈನ್ಸ್‌ಮನ್

ಕೊನೇ ಪ್ರಶ್ನೆ. ಬೆಂಗಳೂರಿನ ಸೂಪರ್ ಡಿವಿಷನ್‌ನಲ್ಲಿ ಆಡುವ ಡಿಫೆಂಡರ್ ಇದೇ ದಾರಿ ಹಿಡಿಯಬೇಕಾದರೆ ಎಲ್ಲಿಂದ ಶುರು?

ಫಿಸಿಯೊ ಬೆಂಚ್

ಕೆಎಸ್‌ಎಫ್‌ಎ (ರಾಜ್ಯದ ಫುಟ್‌ಬಾಲ್ ಸಂಸ್ಥೆ) ಮೂಲಕ ಎಐಎಫ್‌ಎಫ್‌ನ (ದೇಶದ ಫುಟ್‌ಬಾಲ್ ಸಂಸ್ಥೆ) ಡಿ ಕೋಚಿಂಗ್ ಲೈಸೆನ್ಸ್. ಆಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಐಎಸ್‌ಎಲ್‌ನಲ್ಲಿ ಮುಖ್ಯ ಕೋಚ್ ಆಗಲು ಎಎಫ್‌ಸಿ ಪ್ರೊ ಅಥವಾ ಅದಕ್ಕೆ ಸಮನಾದದ್ದು ಬೇಕು. ಯುರೋಪಿನ ಏಣಿಯಲ್ಲಿ ಕನಿಷ್ಠ ತರಬೇತಿ ಗಂಟೆ ಹೀಗಿವೆ: ಬಿಗೆ 120, ಎಗೆ 180, ಪ್ರೊಗೆ 360. ಒಂದೊಂದು ಮೆಟ್ಟಿಲಿನ ನಡುವೆಯೂ ತಂಡವೊಂದಕ್ಕೆ ನಿಜವಾಗಿ ಕೋಚಿಂಗ್ ಮಾಡುತ್ತಿರಬೇಕು, ಪರೀಕ್ಷಕರು ಮೈದಾನಕ್ಕೇ ಬಂದು ನೋಡುತ್ತಾರೆ. ಅದಕ್ಕೆ 35ಕ್ಕೆ ಆಟ ನಿಲ್ಲಿಸಿ ಶುರು ಮಾಡಿದರೆ ತಡ. ಆಡುತ್ತಿರುವಾಗಲೇ 27–28ಕ್ಕೆ ಡಿ ಮುಗಿಸಿ, ಕ್ಲಬ್ಬಿನ 13 ವರ್ಷದೊಳಗಿನ ತಂಡವನ್ನು ಸಂಜೆ ಹೊತ್ತು ಹಿಡೀರಿ.

ಮೂರನೇ ಡಿವಿಷನ್

ಜೊತೆಗೆ ಯಾರಿಗಾದರೂ ಸಹಾಯಕರಾಗಿ. ವೆಸ್ಟ್‌ವುಡ್ ನೇರವಾಗಿ ಮುಖ್ಯ ಕೋಚ್ ಆಗಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಜೊತೆಗೆ ಬೆಳೆದ ಮೈಕಲ್ ಆಪಲ್ಟನ್ ಬೆನ್ನಿಗೆ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ಸುತ್ತಿದರು. 2012ರಲ್ಲಿ ಪೋರ್ಟ್ಸ್‌ಮತ್ ದಿವಾಳಿ ಅಂಚಿಗೆ ಬಂದು 10 ಅಂಕ ಕಳೆದುಕೊಂಡು ಮೂರನೇ ಹಂತಕ್ಕೆ ಇಳಿಯಿತು, ಆ ಬೇಸಿಗೆಯಲ್ಲಿ ಹಿರಿಯ ಆಟಗಾರರೆಲ್ಲ ಬಿಟ್ಟು ಹೋದರು. ಬ್ಲ್ಯಾಕ್‌ಬರ್ನ್‌ನಲ್ಲಿ ಆಪಲ್ಟನ್‌ಗೆ ಸಿಕ್ಕಿದ್ದು 67 ದಿನ. ಅಷ್ಟರಲ್ಲೇ ಎಫ್‌ಎ ಕಪ್‌ನಲ್ಲಿ ಆರ್ಸೆನಲ್‌ನ ಅವರ ನೆಲದಲ್ಲೇ 1–0 ಸೋಲಿಸಿದ್ದರು, ಕೆಲಸ ಉಳಿಯಲಿಲ್ಲ. ಅದು 2013ರ ಮಾರ್ಚ್. ಜುಲೈನಲ್ಲಿ ಬೆಂಗಳೂರು.